ಎರಡು ಕಡೆಯ ಗೋಲು, ಒಂದು ಮನೆಯ ಲೆಕ್ಕ

ಉಡುಪಿಯಿಂದ ದಕ್ಷಿಣಕ್ಕೆ ಬರುತ್ತ ಕಟಪಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಳಿದರೆ, ಹೊಳೆಯ ಸೇತುವೆಯನ್ನು ದಾಟಿ ಮಟ್ಟು ಗ್ರಾಮವನ್ನು ಸೇರಬಹುದು. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವಣ ಮರಳು ಮಣ್ಣಿನಲ್ಲಿ ಗುಳ್ಳದ ಗಿಡಗಳು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟು ಗುಳ್ಳ ಇದೇ. ಹಾವೇರಿ ಸೀಮೆಯ ನಮ್ಮ ಬಾಲ್ಯಮಿತ್ರರೊಬ್ಬರು ಬ್ಯಾಂಕಿನ ಸೇವೆಯ ನಿಮಿತ್ತ ಈ ಕಡೆಗೆ ಬಂದವರು, ನಿವೃತ್ತಿಯ ತರುವಾಯ ಇಲ್ಲಿಯೇ ನೆಲೆ ನಿಂತರು. ಎಣ್ಣೆಗಾಯಿಯಲ್ಲಿ ಬೆಳೆದ ನಮ್ಮ ನಾಲಗೆಗೆ ಗುಳ್ಳದ ಹುಳಿಯ ರುಚಿಯನ್ನು ಹಚ್ಚಿದ ಪುಣ್ಯ ಅವರ ಮನೆಯವರದು.

ನಾವು ಹೇಳಬೇಕೆಂದಿರುವುದು ಅಡುಗೆಯ ಮಾತಲ್ಲ. 2022ರ ಡಿಸೆಂಬರ್ 18ರ ರಾತ್ರಿ ನಾವು ಆ ಮನೆಯಲ್ಲಿದ್ದೆವು. ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯ. ಅರ್ಜೆಂಟೀನಾಕ್ಕೂ ಫ್ರಾನ್ಸಿಗೂ ಕಾದಾಟ. ಮಿತ್ರರ ಮಗ ಆಗ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ. ಅರ್ಜೆಂಟೀನಾದ ಬಿಳಿ–ನೀಲಿ ಪಟ್ಟೆಯ ಅಂಗಿಯನ್ನು ತೊಟ್ಟು ಟಿ.ವಿ.ಯ ಮುಂದೆ ಕುಳಿತಿದ್ದ. 23ನೆಯ ನಿಮಿಷದಲ್ಲಿ ಮೆಸ್ಸಿ, 36ನೆಯ ನಿಮಿಷದಲ್ಲಿ ಡಿ ಮರಿಯಾ ಗೋಲು ಹೊಡೆದರು. ಮನೆಯೆಲ್ಲ ಸಂಭ್ರಮಿಸಿದರೂ ಹುಡುಗನ ಮುಖ ಅರಳಲಿಲ್ಲ. 80ನೆಯ ನಿಮಿಷದಲ್ಲಿ ಫ್ರಾನ್ಸಿನ ಎಂಬಾಪೆ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ಮಾತ್ರ ಅವನು ಕುರ್ಚಿಯಿಂದ ಜಿಗಿದೆದ್ದು ಕೇಕೆ ಹಾಕಿದ.

"ಅಣ್ಣಾ, ಗೋಲು ಹೊಡೆದವ್ರು ಅವ್ರು!" ಎಂದಳು ಪಿಯುಸಿ ಓದುತ್ತಿದ್ದ ತಂಗಿ, ಕಕ್ಕಾಬಿಕ್ಕಿಯಾಗಿ.

ಪಂದ್ಯ ಮುಗಿದ ಮೇಲೆ ಜಗುಲಿಯಲ್ಲಿ ಗುಟ್ಟು ಬಯಲಾಯಿತು. "ಎರಡೂ ಕಡೆಯವರು ಒಂದೊಂದು ಗೋಲು ಹೊಡೆದ್ರ ಸಾಕು ಕಾಕಾ. ಯಾರ ಗೆದ್ರೂ ನಮಗೇನು? ಐದುನೂರು ಹಾಕಿದ್ದೆ. ಅಪ್ಪಗ ಹೇಳಬ್ಯಾಡ್ರಿ" ಎಂದ. ಗೆಳೆಯನೊಬ್ಬ ಕೊಡಿಸಿದ 'ಐಡಿ'ಯ ಮೂಲಕ, ಮುಖವನ್ನೇ ಕಾಣದ ಯಾರಿಗೋ ಫೋನಿನಲ್ಲಿಯೇ ಹಣ ಕಳಿಸಿದ್ದ. ನಾವು ನಕ್ಕೆವು. ಹುಡುಗ ಚುರುಕಾಗಿದ್ದಾನೆ ಎಂದುಕೊಂಡೆವು. ಅವನಪ್ಪನಿಗೆ ಹೇಳಲಿಲ್ಲ. ಇಂದು ಈ ಅಂಕಣವನ್ನು ಬರೆಯುವಂತೆ ಮಾಡಿದುದು ಆ ನಗೆಯೇ.

ಈ ಪಂಥದ ಬಗೆಯನ್ನು ತಿಳಿಯದ ತಾಯಿ–ತಂದೆಗಳಿಗಾಗಿ ಎರಡು ಮಾತು. ಸಾಮಾನ್ಯವಾಗಿ ಬಾಜಿ ಎಂದರೆ ಯಾರು ಗೆಲ್ಲುವರೆಂಬುದರ ಮೇಲೆ ಹಣ ಹೂಡುವುದು. ಇಲ್ಲಿ ಹಾಗಲ್ಲ. ಎರಡೂ ತಂಡಗಳು ತಲಾ ಒಂದಾದರೂ ಗೋಲು ಹೊಡೆಯುವವೇ? ಹೌದು ಅಥವಾ ಇಲ್ಲ, ಅಷ್ಟೇ. 90 ನಿಮಿಷಗಳ ಆಟ ಮತ್ತು ನಿಂತುಹೋದ ಕಾಲಕ್ಕೆ ಕೂಡಿಸುವ ಕೆಲ ನಿಮಿಷಗಳು ಮಾತ್ರ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಹೆಚ್ಚುವರಿ ಅವಧಿಯಾಗಲಿ, ಪೆನಾಲ್ಟಿ ಒದೆತಗಳಾಗಲಿ ಬರುವುದಿಲ್ಲ. ಪಕ್ಷ ವಹಿಸಬೇಕಿಲ್ಲ, ದ್ವೇಷವಿಲ್ಲ; ಆದುದರಿಂದ ಇದು ಜೂಜೆಂದೇ ತೋರುವುದಿಲ್ಲ. ಆಟವನ್ನು ಬಲ್ಲವನ ತಿಳಿವಳಿಕೆಗೆ ಸಿಗುವ ಸಂಭಾವನೆ ಎಂಬಂತೆ ತೋರುತ್ತದೆ. ಓದಿದ ಹುಡುಗರು ಬೀಳುವುದೂ ಇಲ್ಲಿಯೇ.

ತಿಳಿವಳಿಕೆಯ ಮಾತು ಬಂದುದರಿಂದ ಒಂದು ಸಂಗತಿ. 1930ರಿಂದ 1986ರವರೆಗಿನ ವಿಶ್ವಕಪ್ಪುಗಳ ನಿರ್ಣಾಯಕ ಪಂದ್ಯಗಳನ್ನೆಲ್ಲ ನೋಡಿ. ಒಂದರಲ್ಲಿಯಾದರೂ ಸೋತ ತಂಡ ಗೋಲಿಲ್ಲದೆ ಮರಳಲಿಲ್ಲ. (1950ರಲ್ಲಿ ವಿಧಿವತ್ತಾದ ಫೈನಲ್ ಇರಲಿಲ್ಲ, ಕಪ್ಪನ್ನು ನಿರ್ಣಯಿಸಿದ ಪಂದ್ಯದಲ್ಲಿ ಉರುಗ್ವೆ 2–1ರಿಂದ ಬ್ರೆಜಿಲನ್ನು ಸೋಲಿಸಿತು.) ಐವತ್ತಾರು ವರ್ಷಗಳ ಈ ವಾಡಿಕೆಯನ್ನು ನಂಬಿ 1990ರಲ್ಲಿ ಒಬ್ಬಾತ 'ಹೌದು' ಎಂದು ಹಣ ಹೂಡಿದ್ದನೆನ್ನೋಣ. ಆ ವರ್ಷ ಜರ್ಮನಿ ಗೆದ್ದುದು 1–0. 1994ರಲ್ಲಿ ಗೋಲೇ ಇಲ್ಲ. 1998ರಲ್ಲಿ ಫ್ರಾನ್ಸ್ 3–0, 2002ರಲ್ಲಿ ಬ್ರೆಜಿಲ್ 2–0. 2006ರಲ್ಲಿ ಇಟಲಿ–ಫ್ರಾನ್ಸ್ 1–1 ಆದಾಗ ಅವನು ಉಸಿರು ಬಿಡಬಹುದಿತ್ತು. 2010 ಮತ್ತು 2014ರಲ್ಲಿ ಮತ್ತೆ 1–0. ಮೊದಲು ತಪ್ಪದೆ ನಡೆದದ್ದು ಮುಂದಿನ ಏಳು ಫೈನಲುಗಳಲ್ಲಿ ಒಮ್ಮೆ ಮಾತ್ರ ನಡೆಯಿತು. ಆಟವನ್ನು ಬಲ್ಲವರೇ ಇದನ್ನು ಮುಂಗಂಡಿರಲಿಲ್ಲ.

ಆದರೆ ಬಾಜಿಯನ್ನು ನಡೆಸುವವನಿಗೆ ಮುಂಗಾಣುವ ಅಗತ್ಯವೇ ಇಲ್ಲ. ಅವನ ಅನ್ನ ದರದಲ್ಲಿದೆ. 'ಹೌದು' ಎಂಬುದಕ್ಕೆ 1.90, 'ಇಲ್ಲ' ಎಂಬುದಕ್ಕೂ 1.90 ದರವಿದೆ ಎಂದಿಟ್ಟುಕೊಳ್ಳಿ. ಅಂದರೆ ನೂರು ರೂಪಾಯಿ ಹೂಡಿ ಗೆದ್ದವನಿಗೆ ಅಸಲು ಸೇರಿ 190 ರೂ. ನೂರು ಮಂದಿ ತಲಾ ನೂರರಂತೆ, ಅರ್ಧ ಇತ್ತ ಅರ್ಧ ಅತ್ತ ಹೂಡಿದರೆ ಬಂದ ಹಣ 10,000. ಗೆದ್ದ ಐವತ್ತು ಮಂದಿಗೆ ಹಂಚುವುದು 9,500. ಗೋಲಾಗಲಿ ಬಿಡಲಿ, 500 ಅವನದು. ಇದು ಸಣ್ಣ ಮೊತ್ತವೆನಿಸಿದರೆ, ಹುಡುಗರು ಮೋಹಗೊಳ್ಳುವ 'ಐದು ಪಂದ್ಯ ಒಟ್ಟಿಗೆ' ಎಂಬ ಬಾಜಿಯನ್ನು ನೋಡಿ. ಐದೂ ಸರಿಯಾದರೆ ನೂರಕ್ಕೆ ಸುಮಾರು 2,476 ರೂ. ಬರುತ್ತದೆಂಬ ಆಸೆ. ಒಂದೊಂದೂ ಅರ್ಧಕ್ಕರ್ಧ ಸಂಭವವಾದರೆ ಐದೂ ಸರಿಯಾಗುವುದು 32ರಲ್ಲಿ ಒಮ್ಮೆ. ನ್ಯಾಯವಾಗಿ ಬರಬೇಕಾದುದು 3,200. ನೂರಕ್ಕೆ ಐದಿದ್ದ ಸುಂಕ ಇಪ್ಪತ್ತೆರಡನ್ನು ಮೀರಿತು. ಸೋತಾಗಲೆಲ್ಲ ಇಮ್ಮಡಿ ಹೂಡುತ್ತ ಹೋಗುವ ಚಾಳಿಯೂ ಇದೆ. 100, 200, 400 ಎಂದು ಏಳು ಬಾರಿ ಸೋತರೆ ಕಳೆದುದು 12,700. ಎಂಟನೆಯ ಬಾರಿಗೆ 12,800 ಬೇಕು. ಅಷ್ಟು ಹಣವನ್ನು ವಿದ್ಯಾರ್ಥಿ ಎಲ್ಲಿಂದ ತಂದಾನು?

ಈ ನಾಡಿಗೆ ಬಾಜಿ ಹೊಸತಲ್ಲ. ಕೋಳಿ ಅಂಕದಲ್ಲಿ ಹಣ ಹೂಡುವವನು ಹುಂಜದ ಬಣ್ಣ ನೋಡುತ್ತಾನೆ, ಕುಕ್ಕುಟ ಪಂಚಾಂಗ ತಿರುವುತ್ತಾನೆ, ಕಾಲಿಗೆ ಕಟ್ಟುವ ಬಾಳನ್ನೂ ಕಣ್ಣಾರೆ ಕಾಣುತ್ತಾನೆ. ಅದನ್ನು ಸಮರ್ಥಿಸುವ ಇರಾದೆ ನಮಗಿಲ್ಲ. ಆದರೆ ಅಲ್ಲಿ ಕತ್ತಲಾದರೆ ಅಂಕ ಮುಗಿಯುತ್ತದೆ. ಜೇಬು ಬರಿದಾದವನನ್ನು ಊರು ಕಾಣುತ್ತದೆ. ಕೋಣೆಯಲ್ಲಿ ಹೊದಿಕೆಯೊಳಗೆ ಬೆಳಗುವ ಫೋನನ್ನು ಯಾರೂ ಕಾಣರು.

ಇನ್ನು ಕಾನೂನು. 1872ರ ಕರಾರು ಅಧಿನಿಯಮದ 30ನೆಯ ಕಲಮಿನಂತೆ ಬಾಜಿಯ ಒಪ್ಪಂದ ಊರ್ಜಿತವಲ್ಲ. ಗೆದ್ದ ಹಣವನ್ನು ಕೊಡದೆ ಹೋದರೆ ನ್ಯಾಯಾಲಯದ ಮೆಟ್ಟಿಲೇರುವಂತಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯಿದೆ, ಆನ್‌ಲೈನಿನಲ್ಲಿ ಹಣ ಪಣಕ್ಕಿಡುವ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನು ವಿಧಿಸುತ್ತದೆ. ಆಡುವವನನ್ನು ಅದು ಅಪರಾಧಿಯೆಂದು ಕಾಣುವುದಿಲ್ಲ. ಒಳ್ಳೆಯದೇ. ಆದರೆ ಕಡಲಾಚೆ ಕುಳಿತು 'ಐಡಿ' ಹಂಚುವವನ ಕೈಗೆ ಕೋಳ ತೊಡಿಸುವುದು ಸುಲಭವಲ್ಲವೆಂಬುದು ಯಾರಿಗೂ ತಿಳಿದ ಮಾತು.

2024ರ ಮಳೆಗಾಲ. ಕರಾವಳಿಯಲ್ಲಿ ಜೂನ್–ಜುಲೈ ಯಾಂತ್ರಿಕ ದೋಣಿಗಳು ದಡದಲ್ಲಿರುವ 61 ದಿನಗಳು. ಗುಳ್ಳದ ಬೆಳೆಯೂ ಮುಗಿದಿರುತ್ತದೆ. ಹೊರಗೆ ಜಡಿಮಳೆ, ಮನೆಯೊಳಗೆ ಬಿಡುವು. ಆ ವರ್ಷ ಜರ್ಮನಿಯಲ್ಲಿ ಯೂರೋ ಕಪ್ಪಿನ 51 ಪಂದ್ಯಗಳು, ಅಮೆರಿಕದಲ್ಲಿ ಕೋಪಾ ಅಮೆರಿಕಾದ 32 ಪಂದ್ಯಗಳು ಒಂದೇ ತಿಂಗಳಿನಲ್ಲಿ ನಡೆದವು. ಸಂಜೆ ಆರೂವರೆಗೊಂದು, ರಾತ್ರಿ ಒಂಬತ್ತೂವರೆಗೊಂದು, ಹನ್ನೆರಡೂವರೆಗೊಂದು, ನಸುಕಿನಲ್ಲಿ ಮತ್ತೊಂದು. ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗ ರಾತ್ರಿಯಿಡೀ ಎಚ್ಚರವಿರುವುದನ್ನು ಕಂಡು, ಕಂಪನಿಯ ಕೆಲಸವಿರಬೇಕೆಂದು ತಾಯಿ ಚಹಾ ಮಾಡಿಕೊಡುತ್ತಿದ್ದರು.

ಜುಲೈ 15ರ ನಸುಕಿಗೆ ಸ್ಪೇನ್ 2–1ರಿಂದ ಇಂಗ್ಲೆಂಡನ್ನು ಸೋಲಿಸಿತು; ಹುಡುಗ ಗೆದ್ದ. ಗೆದ್ದುದರ ಜೊತೆಗೆ, ತಂಗಿಯ ಕಾಲೇಜಿಗೆ ಕಟ್ಟಲೆಂದು ತಂದೆ ಅವನ ಖಾತೆಗೆ ಹಾಕಿದ್ದ ಶುಲ್ಕವನ್ನೂ ಸೇರಿಸಿ ಬೆಳಗಿನ ಅರ್ಜೆಂಟೀನಾ–ಕೊಲಂಬಿಯಾ ಪಂದ್ಯಕ್ಕೆ ಹೂಡಿದ. 90 ನಿಮಿಷ ಕಳೆದರೂ ಗೋಲಿಲ್ಲ. 112ನೆಯ ನಿಮಿಷದಲ್ಲಿ ಲೌಟಾರೊ ಮಾರ್ಟಿನೆಜ್ ಗೋಲು ಹೊಡೆದು ಅರ್ಜೆಂಟೀನಾಕ್ಕೆ ಕಪ್ ತಂದುಕೊಟ್ಟ. ಇವನ ತಂಡ ಗೆದ್ದಿತು. ಚಹಾ ಹಿಡಿದು ಬಂದ ತಾಯಿ ಕಂಡದ್ದು ಮೊಣಕಾಲಿನ ನಡುವೆ ತಲೆಯಿಟ್ಟು ಅಳುತ್ತಿದ್ದ ಮಗನನ್ನು. ಸಾಲದ ಆ್ಯಪುಗಳ ಬಾಕಿ ಬೇರೆ ಇತ್ತು.

ಮಿತ್ರರು ನಮಗೆ ಫೋನು ಮಾಡಿದರು. ಆಗ ನಾವು 2022ರ ಆ ರಾತ್ರಿಯ ಮಾತನ್ನು ಹೇಳಿಕೊಂಡೆವು. ಅತ್ತಲಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ, "ಅವತ್ತ ಹೇಳಿದ್ರ ಐದುನೂರರಾಗ ಮುಗೀತಿತ್ತಲ್ಲೋ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅವರು ಮಗನ ಮೇಲೆ ಕೈಯೆತ್ತಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವೆಸಿದವರಲ್ಲವೇ? ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಮಗನ ಖಾತೆಯ ವಿವರಗಳನ್ನು ಮುಂದಿಟ್ಟುಕೊಂಡು, ಹೋದ ಹಣ ಒಂದು ಕಡೆ, ಬಂದ ಹಣ ಇನ್ನೊಂದು ಕಡೆ, ತಾರೀಖುವಾರು ಅವನ ಕೈಯಿಂದಲೇ ಬರೆಸಿದರು. ನಾಲ್ಕು ಸಂಜೆ ಹಿಡಿಯಿತು. ಗೆದ್ದ ಒಂದೊಂದು ಪಂದ್ಯವೂ, ಗೋಲಿನ ನಿಮಿಷ ಸಹಿತ, ಹುಡುಗನಿಗೆ ನೆನಪಿತ್ತು. ಸೋತವುಗಳಲ್ಲಿ ಅರ್ಧದಷ್ಟನ್ನು ತಾನು ಹೂಡಿದ್ದೇ ಇಲ್ಲವೆಂದು ವಾದಿಸಿದ. ಖಾತೆ ಸುಳ್ಳಾಡಲಿಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಆದುದರಿಂದ ವೈದ್ಯರಲ್ಲಿಗೂ ಕರೆದೊಯ್ದರು. ಇಂಥ ಸಂಕಟದಲ್ಲಿರುವ ಮನೆಗಳವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಠೇವಣಿಯನ್ನು ಅವಧಿಗೆ ಮುನ್ನವೇ ಮುರಿದು ತಂಗಿಯ ಶುಲ್ಕವನ್ನು ಕಟ್ಟಿದರು. ಮಗ ಸಂಬಳದಲ್ಲಿ ತಿಂಗಳು ತಿಂಗಳು ಹಿಂದಿರುಗಿಸುತ್ತಿದ್ದಾನೆ, ತಂದೆಗಲ್ಲ, ತಂಗಿಗೆ. ಕಳೆದ ಸಲ ಮಟ್ಟುವಿಗೆ ಹೋದಾಗ ಆ ಪುಸ್ತಕ ಟಿ.ವಿ. ಮೇಜಿನ ಕೆಳಖಾನೆಯಲ್ಲಿತ್ತು. ಆಕೆ ಅದನ್ನು ತೆಗೆದು, ಆ ತಿಂಗಳ ಕಂತಿನ ಮುಂದೆ ತನ್ನ ರುಜು ಹಾಕಿ, ನಮ್ಮತ್ತ ತಿರುಗಿ, "ಕಾಕಾ, ಸಾಕ್ಷಿ ಅಂತ ನೀವೂ ಒಂದು ಸಹಿ ಹಾಕ್ರಿ" ಎಂದಳು. ಹಾಕಿದೆವು.