ಶಿಬಿರದ ಮರುದಿನ ಯಾರು ಕೇಳುವವರು?

ಮುಂಬಯಿ, ಪುಣೆಯ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಉಚಿತ ವೈದ್ಯಕೀಯ ಶಿಬಿರಕ್ಕೆ ಖಾಯಂ ಸ್ಥಾನವಿದೆ. ರವಿವಾರ ಬೆಳಗ್ಗೆ ಗಣ್ಯರಿಂದ ದೀಪ ಪ್ರಜ್ವಲನೆ, ಬಳಿಕ ರಕ್ತದೊತ್ತಡ, ಮಧುಮೇಹ ತಪಾಸಣೆ. ಸಕ್ಕರೆ ಅಂಶ ಹೆಚ್ಚಿದೆ ಎಂಬ ಚೀಟಿ ಹಿಡಿದು ಹೊರಟ ಹೊಟೇಲು ಕಾರ್ಮಿಕ ಮರುದಿನ ವೈದ್ಯರಲ್ಲಿಗೆ ಹೋದನೇ ಎಂದು ವಿಚಾರಿಸುವವರು ವಿರಳ. ಬೆಳಗಿನ ಜಾವದಿಂದ ದುಡಿಯುವಾತನಿಗೆ ಸರಕಾರಿ ಆಸ್ಪತ್ರೆಯ ಸರತಿ ಎಂದರೆ ಒಂದು ದಿನದ ಸಂಬಳ.

ಫೋನಿನ ಮೂಲಕ ವೈದ್ಯರನ್ನು ಕಾಣುವ ವ್ಯವಸ್ಥೆ ಇಂಥವರಿಗಾಗಿಯೇ ಇರಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮಾವಳಿ ರೂಪಿಸಿತು. ಮರುತಿಂಗಳೇ ಉಚಿತ 'ಇ-ಸಂಜೀವಿನಿ' ಹೊರರೋಗಿ ಸೇವೆ ಮನೆ ಬಾಗಿಲಿಗೆ ಬಂತು. 2023ರ ಫೆಬ್ರವರಿಗೆ ಸಮಾಲೋಚನೆಗಳ ಸಂಖ್ಯೆ 10 ಕೋಟಿ ದಾಟಿತು. ಆದರೆ ಅವುಗಳಲ್ಲಿ ಬಹುಪಾಲು ರೋಗಿಯೇ ಮನೆಯಲ್ಲಿ ಕುಳಿತು ಮಾಡಿದ ಕರೆಗಳಲ್ಲ. ಆರೋಗ್ಯ ಕೇಂದ್ರದ ಸಿಬ್ಬಂದಿ ಪಕ್ಕದಲ್ಲಿದ್ದು, ದೂರದ ವೈದ್ಯರೊಂದಿಗೆ ಮಾತನಾಡಿಸಿದವು. ಸಂಘಗಳ ಪದಾಧಿಕಾರಿಗಳು ಗಮನಿಸಬೇಕಾದುದು ಇದನ್ನೇ.

ಊರಿನಿಂದ ಮಗನ ಮನೆಗೆ ಡೊಂಬಿವಲಿಗೆ ಬಂದ ತಾಯಿಗೆ ಓಟಿಪಿ, ಟೋಕನ್ ಎಲ್ಲ ದಾಟಿದರೂ ತೆರೆಯ ಮೇಲೆ ಕಾಣುವ ವೈದ್ಯರ ಭಾಷೆ ಸಾಮಾನ್ಯವಾಗಿ ಮರಾಠಿ ಇಲ್ಲವೇ ಹಿಂದಿ. ಹೊಟ್ಟೆ ತೊಳಸುವುದನ್ನು, ಕಾಲು ಜೋಮು ಹಿಡಿಯುವುದನ್ನು ಆ ಭಾಷೆಯಲ್ಲಿ ಹೇಳುವುದೆಂತು? 'ಸಬ್ ಠೀಕ್' ಎಂದು ಫೋನ್ ಇಡುತ್ತಾರೆ. ಮನಸ್ಸಿನ ಬೇನೆಗೆ ಮಾತ್ರ ಈ ಅಡ್ಡಿ ಕಡಿಮೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು. ಹೊಟೇಲಿನ ಮಾಳಿಗೆಯಲ್ಲಿ ಮಲಗುವ ಎಷ್ಟು ಹುಡುಗರಿಗೆ ಇದು ಗೊತ್ತು?

ಸಂಘದ ಕಚೇರಿಯಲ್ಲಿ ವಾರಕ್ಕೆರಡು ಸಂಜೆ ಒಂದು ಸ್ಮಾರ್ಟ್‌ಫೋನ್, ಜೊತೆಗೆ ನಿವೃತ್ತ ದಾದಿಯೋ ಯುವ ವಿಭಾಗದ ಸದಸ್ಯನೋ ಇದ್ದರೆ ಸಾಕು. ರೋಗಿಯ ಮಾತನ್ನು ವೈದ್ಯರಿಗೆ, ವೈದ್ಯರ ಮಾತನ್ನು ರೋಗಿಗೆ ದಾಟಿಸಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ದಾನಿಗಳೂ ಬೇಕಿಲ್ಲ, ಸನ್ಮಾನದ ಶಾಲೂ ಬೇಕಿಲ್ಲ. ಆದರೆ ಬಾಗಿಲು ಮುಚ್ಚಬಹುದಾದ ಕೋಣೆ ಬೇಕು. ಹೆಣ್ಣುಮಕ್ಕಳ ದೂರುಗಳಿಗೆ ಮಹಿಳಾ ವಿಭಾಗದವರೇ ಇರಬೇಕು. ಎದೆನೋವು, ಬಾಯಿ ಸೊಟ್ಟಗಾಗುವುದು ಕಂಡರೆ ವೀಡಿಯೊ ಕರೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಮುಂದಿನ ಶಿಬಿರದ ಆಮಂತ್ರಣ ಪತ್ರಿಕೆ ಮುದ್ರಣಕ್ಕೆ ಹೋಗುವ ಮುನ್ನ, ಕಳೆದ ಶಿಬಿರದ ಹೆಸರು ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಮೊದಲ ಕರೆ ಯಾರಿಗೆ ಮಾಡಬೇಕೆಂಬುದು ಅಲ್ಲೇ ಇದೆ.