ಗಾಲ್ಫ್ ಆಟಗಾರನಿಗೂ ಒಂದು ಖಾತೆ ಪುಸ್ತಕ ಬೇಕು

ಕಲ್ಕತ್ತೆಯಲ್ಲಿ 1829ರಲ್ಲಿ ಭಾರತದ ಮೊದಲ ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಒಂದು ಕಾಲಕ್ಕೆ ಸೇನಾಧಿಕಾರಿಗಳ ಹಾಗೂ ಪ್ಲಾಂಟರುಗಳ ಆಟವಾಗಿದ್ದ ಗಾಲ್ಫ್ ಇಂದು ವ್ಯಾಪಾರೋದ್ಯಮ ವಲಯದ ಭಾನುವಾರದ ಬೆಳಗಿನ ಅವಿಭಾಜ್ಯ ಅಂಗವಾಗಿದೆ. ಆದರೆ ಹತ್ತು ವರ್ಷ ಆಡಿದ ಮೇಲೂ ಬಹುಪಾಲು ಹವ್ಯಾಸಿಗಳ ಆಟ ಮೊದಲ ಮೂರು ವರ್ಷಗಳಲ್ಲಿ ಮುಟ್ಟಿದ ಮಟ್ಟದಲ್ಲಿಯೇ ನಿಂತಿರುತ್ತದೆ. ಇದಕ್ಕೆ ವಯಸ್ಸು, ಬೆನ್ನುನೋವು, ಪುರುಸೊತ್ತಿಲ್ಲದಿರುವಿಕೆ ಮುಂತಾದ ಕಾರಣಗಳನ್ನು ಮುಂದಿಡುವುದು ರೂಢಿ. ನಿಜವಾದ ಕಾರಣ ಬೇರೆ. ಕಚೇರಿಯಲ್ಲಿ ಪ್ರತಿಯೊಂದು ರೂಪಾಯಿಗೂ ಲೆಕ್ಕ ಕೇಳುವ ಉದ್ಯಮಿ ಗಾಲ್ಫ್ ಮೈದಾನದಲ್ಲಿ ತನ್ನ ಹೊಡೆತಗಳಿಗೆ ಲೆಕ್ಕವನ್ನೇ ಇಡುವುದಿಲ್ಲ.

ಮೊದಲಿಗೆ ಬಂಡವಾಳ ವೆಚ್ಚದ ವಿಷಯ. ಕಾರ್ಖಾನೆಗೆ ಒಂದು ಯಂತ್ರ ಕೊಳ್ಳುವ ಮುನ್ನ ಮೂರು ಕೊಟೇಶನ್ ತರಿಸಿ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಮರಳುವುದೆಂದು ಗುಣಿಸಿ ನೋಡುವ ವ್ಯಕ್ತಿಯೇ ಹೊಸ ಡ್ರೈವರಿನ ಜಾಹೀರಾತನ್ನು ಪ್ರಶ್ನೆಯಿಲ್ಲದೆ ನಂಬುತ್ತಾನೆ. ಆಟದ ನಿಯಮಗಳು ಡ್ರೈವರಿನ ತಲೆಯ ಗಾತ್ರವನ್ನು 460 ಘನ ಸೆಂಟಿಮೀಟರಿಗೆ ಮಿತಿಗೊಳಿಸಿವೆ. ಚೆಂಡನ್ನು ಚಿಮ್ಮಿಸುವ ಅದರ ಶಕ್ತಿಗೂ ಮಿತಿಯಿದೆ. ಹೀಗಿರುವಾಗ ಈ ವರ್ಷದ ಮಾದರಿಯು ಹೋದ ವರ್ಷದ ಮಾದರಿಗಿಂತ ಅಗಾಧವಾಗಿ ಭಿನ್ನವಾಗಿರಲು ಅವಕಾಶವೇ ಇಲ್ಲ. ಒಬ್ಬ ಒಳ್ಳೆಯ ತರಬೇತುದಾರನ ಬಳಿ ಹತ್ತು ಪಾಠ ಕಲಿಯಲು ಹಿಂದೆಮುಂದೆ ನೋಡುವವರು ಅದಕ್ಕಿಂತ ಹೆಚ್ಚಿನ ಹಣವನ್ನು ಒಂದೇ ಕೋಲಿಗೆ ಸುರಿಯುವುದು ಆಶ್ಚರ್ಯಕರ. (ಕ್ಲಬ್ ಸದಸ್ಯತ್ವ ಶುಲ್ಕದ ಮೇಲಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯದು ಎಂಬುದನ್ನೂ ಸದಸ್ಯ ಬಾಂಧವರು ಮರೆಯಬಾರದು.)

ಹಾಗಾದರೆ ಹೊಡೆತಗಳು ಸೋರಿಹೋಗುವುದು ಎಲ್ಲಿ? ಡ್ರೈವ್ ಮಾಡುವುದು ಮೆರೆಯಲು, ಪಟ್ ಮಾಡುವುದು ಹಣ ಗಳಿಸಲು ಎಂಬ ಹಳೆಯ ನಂಬಿಕೆಯೊಂದಿದೆ. ಕೊಲಂಬಿಯಾ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಲಕ್ಷಾಂತರ ಹೊಡೆತಗಳ ಅಂಕಿಅಂಶಗಳನ್ನು ವಿಶ್ಲೇಷಿಸಿ ಈ ನಂಬಿಕೆಯನ್ನು ಬಹುಮಟ್ಟಿಗೆ ಅಲ್ಲಗಳೆದರು. ಅವರ ವಿಧಾನದ ಪಟಿಂಗ್ ಭಾಗವನ್ನು ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಅಳವಡಿಸಿಕೊಂಡಿತು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ ಗ್ರೀನಿನಿಂದ 100 ಗಜಗಳಾಚೆಯ ಹೊಡೆತಗಳಲ್ಲಿ ಹುಟ್ಟುತ್ತದೆ ಎಂಬುದು ಅವರ ನಿಷ್ಕರ್ಷೆ. ಇದರ ಜೊತೆಗೆ ಇನ್ನೊಂದು ಅಂಕಿಯನ್ನೂ ಗಮನಿಸಬೇಕು. 8 ಅಡಿ ದೂರದ ಪಟ್ ಅನ್ನು ಪಿಜಿಎ ಟೂರಿನ ವೃತ್ತಿಪರರು ಸರಿಸುಮಾರು ಎರಡಕ್ಕೊಂದರಂತೆ ಮಾತ್ರ ಕುಳಿಗೆ ಹಾಕುತ್ತಾರೆ. ಅಂಥವರೇ ಅರ್ಧ ತಪ್ಪಿಸುವ ಪಟ್ ತಪ್ಪಿತೆಂದು ಹವ್ಯಾಸಿಯು ಪಟರನ್ನು ಬದಲಿಸಲು ಹೊರಡುತ್ತಾನೆ. ಅದೇ ಸುತ್ತಿನಲ್ಲಿ ಮರಗಳ ನಡುವೆ ಕಳೆದುಕೊಂಡ ನಾಲ್ಕು ಹೊಡೆತಗಳು ಅವನ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಇದು ಸರಾಸರಿಯ ಮಾತಾಯಿತು. ಸರಾಸರಿಯಿಂದ ಯಾವ ಸಂಸ್ಥೆಯ ಲಾಭನಷ್ಟವನ್ನೂ ಹೇಳಲಾಗದು; ಪ್ರತಿಯೊಬ್ಬರ ಖಾತೆಯೂ ಬೇರೆ. ಆದ್ದರಿಂದ ಸ್ಕೋರ್ ಕಾರ್ಡಿನಲ್ಲಿ ಪ್ರತಿ ಕುಳಿಯ ಮೊತ್ತವನ್ನಷ್ಟೇ ಬರೆದರೆ ಸಾಲದು. ಟೀಯಿಂದ ಹೊಡೆದ ಚೆಂಡು ಆಡಬಲ್ಲ ಜಾಗಕ್ಕೆ ಬಿದ್ದಿತೇ, ದಂಡದ ಹೊಡೆತಗಳೆಷ್ಟು, ಗ್ರೀನಿನ ಸುತ್ತ ಎಷ್ಟು ಹೊಡೆತ ಬೇಕಾಯಿತು, ಪಟ್ ಎಷ್ಟು ಎಂಬ ನಾಲ್ಕು ಕಲಮುಗಳು ಸಾಕು. ಹತ್ತು ಸುತ್ತುಗಳ ಇಂತಹ ದಾಖಲೆಯನ್ನು ಮುಂದಿಟ್ಟುಕೊಂಡಾಗ ತರಬೇತುದಾರನೂ ಊಹೆಯ ಮೇಲೆ ಪಾಠ ಹೇಳಬೇಕಾಗುವುದಿಲ್ಲ.

ವೆಚ್ಚ ಲೆಕ್ಕಶಾಸ್ತ್ರ ಬಲ್ಲವರಿಗೆ ಪ್ರಮಾಣಿತ ವೆಚ್ಚ ಎಂಬ ಕಲ್ಪನೆ ಹೊಸದಲ್ಲ. ಗಾಲ್ಫ್ ಆಟದಲ್ಲಿ ಇಂತಹ ಪ್ರಮಾಣ 1890ರ ಸುಮಾರಿಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿತು. ಬೋಗಿ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಒಬ್ಬ ಒಳ್ಳೆಯ ಆಟಗಾರ ತಪ್ಪಿಲ್ಲದೆ ಆಡಿದರೆ ಬೇಕಾಗುವ ಹೊಡೆತಗಳು ಎಂಬುದು ಅಂದಿನ ಅರ್ಥ. ಪಾರ್‌ಗಿಂತ ಒಂದು ಹೆಚ್ಚು ಎಂಬ ಇಂದಿನ ಅರ್ಥ ಆಮೇಲೆ ಬಂದದ್ದು. ಹ್ಯಾಂಡಿಕ್ಯಾಪ್ 18ರ ಆಸುಪಾಸಿನ ಹವ್ಯಾಸಿಗೆ ಪಾರ್ ಎಂಬುದು ಬಜೆಟ್ ಆಗಲಾರದು, ಬೋಗಿಯೇ ಅವನ ಬಜೆಟ್. ಪಾರ್ 72ರ ಮೈದಾನದಲ್ಲಿ ಎಲ್ಲ ಕುಳಿಗಳಲ್ಲೂ ಬೋಗಿ ಮಾಡಿದರೆ ಮೊತ್ತ 90.

ಒಂದು ಉದಾಹರಣೆ ನೋಡಬಹುದು. ಆಟಗಾರನೊಬ್ಬ ಐದು ಕುಳಿಗಳಲ್ಲಿ ಪಾರ್, ಎಂಟರಲ್ಲಿ ಬೋಗಿ, ಎರಡರಲ್ಲಿ ಎರಡೆರಡು ಹೆಚ್ಚು, ಉಳಿದ ಮೂರರಲ್ಲಿ ನಾಲ್ಕು ನಾಲ್ಕು ಹೆಚ್ಚು ಹೊಡೆತ ಬಳಸಿದನೆನ್ನೋಣ. ಪಾರ್‌ಗಿಂತ ಹೆಚ್ಚಾದದ್ದು 24, ಮೊತ್ತ 96. ಆ 24ರಲ್ಲಿ 12 ಕೇವಲ ಮೂರು ಕುಳಿಗಳಿಂದ ಬಂದವು. ಆ ಮೂರರ ಕಥೆ ಹೆಚ್ಚುಕಡಿಮೆ ಒಂದೇ: ಮೊದಲ ಹೊಡೆತ ಮರಗಳೊಳಗೆ ಹೋಯಿತು, ಎರಡನೆಯದನ್ನು ಕೊಂಬೆಗಳ ನಡುವಿನ ಕಿಂಡಿಯಲ್ಲಿ ತೂರಿಸುವ ಸಾಹಸ ನಡೆಯಿತು, ಮೂರನೆಯದು ಇನ್ನೂ ಮರಗಳೊಳಗೇ ಇತ್ತು. ಚೆಂಡನ್ನು ಪಕ್ಕಕ್ಕೆ ಫೇರ್‌ವೇಗೆ ತಂದು ಒಂದು ಹೊಡೆತದ ನಷ್ಟವನ್ನು ಒಪ್ಪಿಕೊಂಡಿದ್ದರೆ ಬೋಗಿ, ತಪ್ಪಿದರೆ ಅದಕ್ಕಿಂತ ಒಂದು ಹೆಚ್ಚಿಗೆ ಮುಗಿಯುತ್ತಿತ್ತು. ಮುಳುಗಿದ ಸಾಲಕ್ಕೆ ಮತ್ತಷ್ಟು ಸಾಲ ಕೊಟ್ಟು ವಸೂಲಿಗೆ ಹೊರಡುವ ಈ ಬುದ್ಧಿಯನ್ನು ಯಾವ ಬ್ಯಾಂಕ್ ಮ್ಯಾನೇಜರನೂ ಕಚೇರಿಯಲ್ಲಿ ಮೆಚ್ಚುವುದಿಲ್ಲ. ಈ ಸಂದರ್ಭಗಳಲ್ಲಿ ಹೆಚ್ಚಾಗಿ ಸರಿಯಾದ ಸಲಹೆ ಕೊಡುವವನು ಕ್ಯಾಡಿ. ಅವನ ಮಾತನ್ನು ಕೇಳುವವರು ಕಡಿಮೆ ಎಂಬುದು ಖೇದಕರ.

ಉದ್ದದ ಹೊಡೆತವಿಲ್ಲದಿದ್ದರೆ ಆಟವೇ ಇಲ್ಲ ಎನ್ನುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಟೀ ಹೊಡೆತದ ದೂರದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದ ಅವರು ಗ್ರೀನಿನ ಮೇಲಿನ ಕೌಶಲದಿಂದ ನಾಲ್ಕನೆಯ ಸ್ಥಾನ ಗಳಿಸಿದರು; ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ಇದು ಬ್ರೋಡಿಯವರ ಲೆಕ್ಕಕ್ಕೆ ವಿರೋಧವೆಂದು ತೋರಬಹುದು, ಆದರೆ ಅಲ್ಲ. ತನ್ನ ಖಾತೆಯಲ್ಲಿ ಜಮೆ ಎಲ್ಲಿ, ಖರ್ಚು ಎಲ್ಲಿ ಎಂಬುದನ್ನು ಅರಿತು ಆಡುವ ಆಟಗಾರ್ತಿಯ ಮಾದರಿ ಅದು.

ಲೆಕ್ಕ ಇಡುವುದಕ್ಕಿಂತ ಕಷ್ಟವಾದದ್ದು ಸತ್ಯವಾದ ಲೆಕ್ಕ ಇಡುವುದು. 2020ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮ 8ರ ಸರಾಸರಿಯೇ ಆಟಗಾರನ ಸೂಚ್ಯಂಕ. ಮೈದಾನದ ಕಾಠಿಣ್ಯವೂ ಗಣನೆಗೆ ಬರುತ್ತದೆ: ಕೋರ್ಸ್ ರೇಟಿಂಗ್ 71, ಸ್ಲೋಪ್ 125 ಇರುವ ಮೈದಾನದಲ್ಲಿ 92 ಹೊಡೆತಗಳಾದರೆ, 21ನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದಾಗ ಬರುವ 19 ಆ ಸುತ್ತಿನ ಅಂಕ. ಕೆಟ್ಟ 12 ಸುತ್ತುಗಳನ್ನು ಪದ್ಧತಿಯೇ ಕೈಬಿಡುವಷ್ಟು ಉದಾರವಾಗಿರುವಾಗ ಕಾರ್ಡುಗಳನ್ನು ಬಚ್ಚಿಡುವ ಅಗತ್ಯವೇ ಇಲ್ಲ. ಆದರೂ ಎರಡು ಬಗೆಯ ಸುಳ್ಳು ಚಾಲ್ತಿಯಲ್ಲಿವೆ. ಗೆಳೆಯರು ಬಿಟ್ಟುಕೊಟ್ಟ ಪಟ್, ಲೆಕ್ಕಕ್ಕೆ ಸೇರದ ಎರಡನೆಯ ಚೆಂಡು ಇವುಗಳಿಂದ ಹ್ಯಾಂಡಿಕ್ಯಾಪನ್ನು ಕಡಿಮೆ ತೋರಿಸಿಕೊಳ್ಳುವವರು ಆಸ್ತಿಯ ಮೌಲ್ಯ ಉಬ್ಬಿಸಿದ ಜಮಾಖರ್ಚಿನವರು. ಒಳ್ಳೆಯ ಕಾರ್ಡುಗಳನ್ನು ಸಲ್ಲಿಸದೆ ಹ್ಯಾಂಡಿಕ್ಯಾಪನ್ನು ಹೆಚ್ಚಾಗಿಯೇ ಉಳಿಸಿಕೊಂಡು ಪಂದ್ಯಾವಳಿಗಳಲ್ಲಿ ನೆಟ್ ಬಹುಮಾನ ಬಾಚುವವರು ಲಾಭ ಮುಚ್ಚಿಡುವವರು. ಮೊದಲನೆಯವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ, ಎರಡನೆಯವರು ಜೊತೆಗಾರರನ್ನು. ಉದ್ಯಮ ಸಂಸ್ಥೆಗಳ ಪಂದ್ಯಾವಳಿಗಳಲ್ಲಿ ಈ ಎರಡನೆಯ ದೋಷ ನಗೆಚಾಟಿಕೆಯ ವಿಷಯವಾಗಿ ಮಾತ್ರ ಉಳಿದಿದೆ. ಅದು ನಗುವ ವಿಷಯವಲ್ಲ. ಸಾಲ ಕೊಡುವವರು, ಸರಕು ಕೊಳ್ಳುವವರು, ಪಾಲುದಾರರಾಗಬಹುದಾದವರು ಅದೇ ನಾಲ್ವರ ತಂಡದಲ್ಲಿ ಜೊತೆಗೆ ನಡೆಯುತ್ತಿರುತ್ತಾರೆ; ನಾಲ್ಕು ತಾಸಿನಲ್ಲಿ ಅವರು ಕಾಣುವುದು ಎದುರಿಗಿರುವವನ ಸ್ವಿಂಗನ್ನು ಮಾತ್ರವಲ್ಲ.

ಸ್ಟ್ರೋಕ್ ಪ್ಲೇನಲ್ಲಿ ಆಟಗಾರನೂ ಮಾರ್ಕರನೂ ಸಹಿ ಹಾಕಿದ ಕಾರ್ಡು ಲೆಕ್ಕಪರಿಶೋಧಿತ ಪಟ್ಟಿಯಷ್ಟೇ ಅಂತಿಮ. 1968ರ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನ ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ 17ನೆಯ ಕುಳಿಯಲ್ಲಿ 3 ಹೊಡೆತ ಬಳಸಿದ್ದರು, ಅವರ ಮಾರ್ಕರ್ 4 ಎಂದು ಬರೆದಿದ್ದರು. ಗಮನಿಸದೆ ಸಹಿ ಹಾಕಿದ್ದರಿಂದ ಆ 4 ಊರ್ಜಿತವಾಯಿತು. ಬಾಬ್ ಗೋಲ್ಬಿಯೊಡನೆ ಪ್ಲೇ-ಆಫ್ ಆಡುವ ಅವಕಾಶವೇ ತಪ್ಪಿತು. ಇನ್ನೊಂದು ತುದಿಯಲ್ಲಿ ಬಾಬಿ ಜೋನ್ಸ್ ಇದ್ದಾರೆ. 1925ರ ಯುಎಸ್ ಓಪನ್ನಿನಲ್ಲಿ ತಾವು ಸಿದ್ಧವಾಗುತ್ತಿದ್ದಾಗ ಚೆಂಡು ಕದಲಿತೆಂದು ತಾವೇ ಹೇಳಿ ದಂಡದ ಹೊಡೆತ ಸೇರಿಸಿಕೊಂಡರು, ಕೊನೆಗೆ ಪ್ಲೇ-ಆಫ್‌ನಲ್ಲಿ ಸೋತರು.

ವಾಣಿಜ್ಯ ಸಂಸ್ಥೆಗಳು ತಮ್ಮ ಪಂದ್ಯಾವಳಿಗಳಲ್ಲಿ ಸಣ್ಣ ಸುಧಾರಣೆಯೊಂದನ್ನು ತರುವುದು ಅಪೇಕ್ಷಣೀಯ. ಇಪ್ಪತ್ತು ಸುತ್ತುಗಳ ದಾಖಲೆ ಇಲ್ಲದವರಿಗೆ ಆಡಲು ಅವಕಾಶವಿರಲಿ, ನೆಟ್ ಬಹುಮಾನ ಬೇಡ. ಆ 20 ಅಂಕಗಳನ್ನು ಪಂದ್ಯದ ದಿನ ಫಲಕದಲ್ಲಿ ಪ್ರಕಟಿಸಲಿ. ಜೊತೆಗೆ, ಹಿಂದಿನ ವರ್ಷಕ್ಕಿಂತ ಸೂಚ್ಯಂಕವನ್ನು ಹೆಚ್ಚು ಇಳಿಸಿಕೊಂಡ ಸದಸ್ಯನಿಗೆ ಒಂದು ಬಹುಮಾನ ಇಡಲಿ. ಅತಿ ದೂರದ ಡ್ರೈವ್‌ಗೆ ಕೊಡುವ ಬಹುಮಾನವನ್ನು ಬೇಕಿದ್ದರೆ ಅದಕ್ಕೆ ವರ್ಗಾಯಿಸಬಹುದು.