ತೂಬು ಮತ್ತು ತೂಕ

ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಮಗ್ಗುಲಲ್ಲಿರುವ ಹುಳಿಮಾವು ಹಿಂದೆ ಒಂದು ಹಳ್ಳಿಯಾಗಿತ್ತು. ಊರಿಗೊಂದು ಕೆರೆ, ಬಂಡೆಯೊಳಗಿನ ಒಂದು ಗುಹಾದೇವಾಲಯ, ಸುತ್ತಲೂ ಹೊಲ ತೋಟಗಳು. ನಗರವು ಬೆಳೆಯುತ್ತ ಬಂದು ಆ ಹಳ್ಳಿಯನ್ನು ತನ್ನ ಮಡಿಲಿಗೆ ಸೇರಿಸಿಕೊಂಡಿತು. ಕೆರೆಯೂ ಗುಹಾದೇವಾಲಯವೂ ಉಳಿದುಕೊಂಡಿವೆ. ಪೈರು ತೂಗುತ್ತಿದ್ದ ನೆಲದಲ್ಲಿ ಬಹುಮಹಡಿಯ ಕಟ್ಟಡಗಳು ಎದ್ದು ನಿಂತಿವೆ. ಊರು ಹೀಗೆ ಬದಲಾದುದನ್ನು ಎಲ್ಲರೂ ಬಲ್ಲರು. ಆದರೆ ಊರಿನೊಡನೆ ಊರವರ ದೇಹವೂ ಬದಲಾಯಿತೆಂಬುದನ್ನು ಗಮನಿಸಿದವರು ವಿರಳ.

ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆ ಮನೆಯ ತಾತ ಮುಂಜಾವದಲ್ಲಿಯೇ ಎದ್ದು ಹೊಲಕ್ಕೆ ನಡೆಯುತ್ತಿದ್ದವರು. ಉತ್ತು, ನೀರು ಕಟ್ಟಿ, ಕಳೆ ಕಿತ್ತು, ಹೊತ್ತು ಮುಳುಗುವ ವೇಳೆಗೆ ಮನೆಗೆ ಮರಳುತ್ತಿದ್ದವರು. ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದರು, ರಾಗಿ ಬೀಸುತ್ತಿದ್ದರು, ಒರಳಿನಲ್ಲಿ ಖಾರ ರುಬ್ಬುತ್ತಿದ್ದರು. ದೊಡ್ಡ ದೊಡ್ಡ ಮುದ್ದೆಗಳನ್ನು ಬಸ್ಸಾರಿನೊಡನೆ ಉಂಡರೂ ಅವರ ಮೈಯಲ್ಲಿ ಬೊಜ್ಜು ನಿಲ್ಲಲಿಲ್ಲ. ಅವರ ಮಗನಾದರೋ ಕಚೇರಿಯ ನೌಕರ. ದ್ವಿಚಕ್ರ ವಾಹನದಲ್ಲಿ ಹೋಗುತ್ತಾನೆ, ಎಂಟು ತಾಸು ಕುರ್ಚಿಯಲ್ಲಿ ಕುಳಿತಿರುತ್ತಾನೆ, ಲಿಫ್ಟಿನಲ್ಲಿ ಏರಿ ಇಳಿಯುತ್ತಾನೆ. ದಿನಕ್ಕೆ ನಾಲ್ಕು ಬಾರಿ ಸಿಹಿಯಾದ ಕಾಫಿ, ಸಂಜೆ ಬೋಂಡವೋ ಬಜ್ಜಿಯೋ, ರಾತ್ರಿ ತಡವಾಗಿ ಹೊಟ್ಟೆ ತುಂಬ ಅನ್ನ. ನಲವತ್ತೈದು ತುಂಬುವ ಮೊದಲೇ ಅವನ ನಡುವಿನ ಪಟ್ಟಿ ಎರಡು ತೂತು ಸಡಿಲಗೊಂಡಿದೆ. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಅವನಿಗೂ ಇಳಿಸಬೇಕೆಂಬ ಆಸೆಯುಂಟು. ಆದರೆ ಮನಸ್ಸು ಮೊದಲ ಹೆಜ್ಜೆಯನ್ನೇ ಇಡಲೊಲ್ಲದು.

ಇದು ಒಂದು ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ 100ಕ್ಕೆ 24 ಮಂದಿ, ಅದೇ ವಯೋಮಾನದ ಪುರುಷರಲ್ಲಿ 100ಕ್ಕೆ ಸುಮಾರು 23 ಮಂದಿ ತಮ್ಮ ಎತ್ತರಕ್ಕೆ ತಕ್ಕುದಕ್ಕಿಂತ ಹೆಚ್ಚು ತೂಕವುಳ್ಳವರು. ಕರ್ನಾಟಕದಲ್ಲಿ ಈ ಸಂಖ್ಯೆ 100ಕ್ಕೆ ಸುಮಾರು 30. ಅಧಿಕ ತೂಕವು ನೋಟದ ಪ್ರಶ್ನೆಯಷ್ಟೇ ಆಗಿದ್ದರೆ ಅದನ್ನು ಕುರಿತು ಇಷ್ಟೊಂದು ಚಿಂತಿಸಬೇಕಾದ ಅಗತ್ಯವಿರಲಿಲ್ಲ. ಸಿಹಿಮೂತ್ರ ರೋಗ, ರಕ್ತದ ಒತ್ತಡ, ಹೃದ್ರೋಗ, ಮೊಣಕಾಲಿನ ಸವೆತ, ಇವೆಲ್ಲಕ್ಕೂ ಅದು ದಾರಿ ಮಾಡಿಕೊಡುತ್ತದೆ. ದುಡಿದು ಮನೆಯನ್ನು ಸಾಕುವವರೇ ನಡುವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಅದರ ನೋವು ಮನೆಯವರೆಲ್ಲರಿಗೂ ತಟ್ಟುತ್ತದೆ.

ಈ ಬದಲಾವಣೆಗೆ ಕಾರಣವೇನು? ಜನರು ಸೋಮಾರಿಗಳಾದರು, ನಾಲಗೆಯ ದಾಸರಾದರು ಎಂದು ಹೇಳಿಬಿಡುವುದು ಸುಲಭ. ಆದರೆ ಆ ಮಾತು ಪೂರ್ಣ ಸತ್ಯವಲ್ಲ. ಹುಳಿಮಾವಿನಂಥ ಊರಿನವರಿಗೆ ಇದನ್ನು ತಿಳಿಸಲು ಅವರ ಕೆರೆಗಿಂತ ಉತ್ತಮವಾದ ನಿದರ್ಶನ ಬೇರೊಂದು ಬೇಕಿಲ್ಲ. ಬೆಂಗಳೂರಿನ ಸುತ್ತಣ ಕೆರೆಗಳನ್ನು ಹಿರಿಯರು ಬೇಸಾಯಕ್ಕಾಗಿ ಕಟ್ಟಿದರು. ಮಳೆಯ ನೀರು ಕಾಲುವೆಗಳಿಂದ ಹರಿದುಬಂದು ಕೆರೆಯನ್ನು ತುಂಬುತ್ತಿತ್ತು. ತೂಬಿನ ಮೂಲಕ ಹೊರಬಂದು ಹೊಲಗದ್ದೆಗಳನ್ನು ತಣಿಸುತ್ತಿತ್ತು. ಬಂದ ನೀರಿಗೂ ಹೋದ ನೀರಿಗೂ ಒಂದು ಲೆಕ್ಕವಿತ್ತು. ದೇಹವೂ ಇಂಥದೇ ಒಂದು ಕೆರೆ. ಆಹಾರ ಒಳಹರಿವು, ದುಡಿಮೆ ತೂಬು. ಉಂಡ ಅನ್ನದ ಶಕ್ತಿ ದುಡಿಮೆಯಲ್ಲಿ ವ್ಯಯವಾಗದೆ ಉಳಿದರೆ ದೇಹವು ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ತಾತನ ಕಾಲದಲ್ಲಿ ತೂಬು ದಿನವೂ ತೆರೆದಿರುತ್ತಿತ್ತು. ಮಗನ ಕಾಲಕ್ಕೆ ತೂಬು ಮುಚ್ಚಿತು, ಒಳಹರಿವು ಹೆಚ್ಚಿತು. ಹೀಗಿರುವಾಗ ನೀರಿನ ಮಟ್ಟ ಏರಿದುದರಲ್ಲಿ ಆಶ್ಚರ್ಯವೇನಿದೆ?

ತುಂಬಿದ ಕೆರೆಯನ್ನು ಇಳಿಸಲು ಎರಡು ದಾರಿಗಳುಂಟು. ಒಂದು, ಏರಿಯನ್ನು ಒಡೆಯುವುದು. ಇನ್ನೊಂದು, ತೂಬನ್ನು ತೆರೆಯುವುದು. ಏರಿ ಒಡೆದರೆ ಏನಾಗುತ್ತದೆಂಬುದನ್ನು ಹುಳಿಮಾವು ಕಣ್ಣಾರೆ ಕಂಡಿದೆ. 2019ರ ನವೆಂಬರ್ 24ರಂದು ಅಲ್ಲಿನ ಕೆರೆಯ ಏರಿ ಒಡೆದು, ನೀರು ನೂರಾರು ಮನೆಗಳಿಗೆ ನುಗ್ಗಿತು. ಜನರು ಉಟ್ಟ ಬಟ್ಟೆಯಲ್ಲಿಯೇ ಹೊರಬರಬೇಕಾಯಿತು. ಒಂದು ತಿಂಗಳಿನಲ್ಲಿ ಹತ್ತು ಕಿಲೋಗ್ರಾಂ ಇಳಿಸುವೆನೆಂದು ಹಠ ತೊಟ್ಟು ಅನ್ನವನ್ನೇ ಬಿಡುವವರು ತಮ್ಮ ದೇಹದ ಏರಿಯನ್ನು ಒಡೆಯಲು ಹೊರಟವರು. ತೂಕವೇನೋ ಮೊದಲಲ್ಲಿ ಬೇಗನೆ ಇಳಿಯುತ್ತದೆ. ಆದರೆ ಹೀಗೆ ಇಳಿದುದರಲ್ಲಿ ಕೊಬ್ಬಿನೊಡನೆ ದೇಹದ ನೀರೂ ಮಾಂಸಖಂಡವೂ ಸೇರಿರುತ್ತವೆ. ಆಯಾಸ, ತಲೆಸುತ್ತು, ಸಿಡುಕು ಬೆನ್ನುಹತ್ತುತ್ತವೆ. ಹಸಿವು ಕೆರಳುತ್ತದೆ. ಕೊನೆಗೊಂದು ದಿನ ವ್ರತ ಮುರಿಯುತ್ತದೆ. ಬಿಟ್ಟ ತೂಕ ಮರಳಿ ಬರುತ್ತದೆ. ಅದರೊಡನೆ 'ಇದು ನನ್ನಿಂದಾಗದು' ಎಂಬ ನಿರಾಶೆಯೂ ಮನೆಮಾಡುತ್ತದೆ. ಈ ನಿರಾಶೆಯೇ ಬೊಜ್ಜಿಗಿಂತ ದೊಡ್ಡ ಹೊರೆ.

ಇನ್ನೊಂದು ದಾರಿ ನಿಧಾನವಾದುದು. ಹಿಂದೆ ಹಳ್ಳಿಗಳಲ್ಲಿ ನೀರಗಂಟಿಯೆಂಬುವನಿದ್ದನು. ಅವನು ತೂಬನ್ನು ಬೇಕಾದಷ್ಟೇ ಎತ್ತಿ, ನೀರನ್ನು ಅಳೆದು ಬಿಡುತ್ತಿದ್ದನು. ಅವನ ಕೆಲಸದಲ್ಲಿ ಆರ್ಭಟವಿರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕವನ್ನು ಇಂದಿನ ಕಾಫಿಯ ಲೋಟಕ್ಕೆ ಅನ್ವಯಿಸಿ ನೋಡಬಹುದು. ಒಂದು ಚಮಚೆ ಸಕ್ಕರೆಯೆಂದರೆ ಸುಮಾರು 5 ಗ್ರಾಂ. ಒಂದು ಗ್ರಾಂ ಸಕ್ಕರೆಯಿಂದ ದೊರೆಯುವ ಶಕ್ತಿ 4 ಕಿಲೋಕ್ಯಾಲೊರಿ. ಎರಡು ಚಮಚೆ ಸಕ್ಕರೆಯ ನಾಲ್ಕು ಲೋಟ ಕಾಫಿ ಕುಡಿಯುವವನು ದಿನಕ್ಕೆ 40 ಗ್ರಾಂ ಸಕ್ಕರೆಯನ್ನು ಕಾಫಿಯಲ್ಲಿಯೇ ಸೇವಿಸುತ್ತಾನೆ. ಪ್ರತಿ ಲೋಟದಲ್ಲಿ ಒಂದು ಚಮಚೆ ಕಡಿಮೆ ಮಾಡಿದರೆ ದಿನಕ್ಕೆ 20 ಗ್ರಾಂ, ವರ್ಷಕ್ಕೆ ಏಳು ಕಿಲೋಗ್ರಾಮಿಗೂ ಮಿಗಿಲಾದ ಸಕ್ಕರೆ ಉಳಿಯುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು 29,200 ಕಿಲೋಕ್ಯಾಲೊರಿ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿರುತ್ತದೆ. ಕಾಗದದ ಮೇಲೆ ಇದು ಮೂರೂವರೆ ಕಿಲೋಗ್ರಾಂ ತೂಕಕ್ಕೂ ಮೀರುತ್ತದೆ. ನಿಜಜೀವನದಲ್ಲಿ ಇಳಿಕೆ ಅಷ್ಟಾಗದು; ದೇಹ ಹಗುರಾದಂತೆ ಅದರ ಖರ್ಚೂ ತಗ್ಗುತ್ತದೆ, ಹಸಿವೂ ತುಸು ಹೆಚ್ಚುತ್ತದೆ. ಆದರೂ ಒಂದು ಚಮಚೆ ಸಕ್ಕರೆ ಅಲ್ಪವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಕೂಡಿಡುವುದಕ್ಕೆ ಹೇಗೋ ಕಳೆಯುವುದಕ್ಕೂ ಹಾಗೆಯೇ ಸಲ್ಲುತ್ತದೆ. ಬೆಂಗಳೂರಿನ ಹೋಟೆಲುಗಳಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ 'ಬೈಟು' ಎಂಬ ಪದ್ಧತಿಯುಂಟು. ಮಿತವ್ಯಯಕ್ಕೂ ಸ್ನೇಹಕ್ಕೂ ಹೆಸರಾದ ಆ ಪದ್ಧತಿಯು ಮಿತಾಹಾರಕ್ಕೂ ಹೊಂದುತ್ತದೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮನಸ್ಸು ಒಪ್ಪಬೇಕಲ್ಲ! ಉತ್ಸಾಹ ಬಂದ ಮೇಲೆ ಕೆಲಸ ಆರಂಭಿಸುವೆನೆಂದು ಕಾಯುವವರೇ ಬಹಳ. ವಾಸ್ತವದಲ್ಲಿ ಕ್ರಮವು ತಿರುಗುಮುರುಗಾಗಿದೆ. ಒಂದು ಸಣ್ಣ ಕೆಲಸವನ್ನು ಮಾಡಿದಾಗ ಉತ್ಸಾಹ ಹುಟ್ಟುತ್ತದೆ. ಹುಟ್ಟಿದ ಉತ್ಸಾಹ ಮುಂದಿನ ಕೆಲಸಕ್ಕೆ ಬಲವಾಗುತ್ತದೆ. ಹತ್ತು ನಿಮಿಷ ನಡೆದು ಬಂದವನಿಗೆ ನಾಳೆ ಹದಿನೈದು ನಿಮಿಷ ನಡೆಯುವ ಧೈರ್ಯವಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದೊಂದು ನಡವಳಿಕೆ ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನಗಳು ಬೇಕೆಂದು ಕಂಡುಬಂದಿತು. ಕೆಲವರಿಗೆ 18 ದಿನಗಳೇ ಸಾಕಾದರೆ, ನಿಧಾನಿಗಳಿಗೆ 254 ದಿನಗಳವರೆಗೂ ಬೇಕೆಂಬ ಅಂದಾಜು ದೊರೆಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲವೆಂಬುದು ಅದೇ ಅಧ್ಯಯನದ ಇನ್ನೊಂದು ಸಮಾಧಾನಕರ ಅಂಶ. ಹಬ್ಬದ ದಿನ ಎರಡು ಹೋಳಿಗೆ ಹೆಚ್ಚು ತಿಂದವನು ಪಾಪ ಮಾಡಿದವನಲ್ಲ. ಮರುದಿನ ತನ್ನ ಕ್ರಮಕ್ಕೆ ಮರಳಿದರೆ ಸಾಕು.

ಚಲನೆಯ ವಿಷಯದಲ್ಲಿಯೂ ಸಣ್ಣದೇ ದೊಡ್ಡದು. ಇಂಗ್ಲೆಂಡಿನ ವೈದ್ಯರಾದ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತ ಚೀಟಿ ಕೊಡುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ನಿರ್ವಾಹಕರು ಯಾವ ವ್ಯಾಯಾಮಶಾಲೆಗೂ ಹೋದವರಲ್ಲ. ತಮ್ಮ ಕೆಲಸವನ್ನು ಮಾಡಿದರು, ಅಷ್ಟೇ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದು ಪ್ರಚಾರಕ್ಕೆ ಬಂದುದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಆದಕಾರಣ ಆ ಸಂಖ್ಯೆಯನ್ನು ಮುಟ್ಟಲಾರದವರು ಮನನೋಯಬೇಕಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆಯಲ್ಲಿ ತೊಡಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬನ್ನೇರುಘಟ್ಟ ರಸ್ತೆಯ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವುದು, ಎರಡು ಮಹಡಿಗಳಿಗೆ ಲಿಫ್ಟನ್ನು ಬಿಡುವುದು, ಊಟದ ಬಳಿಕ ಮನೆಯವರೊಡನೆ ಬೀದಿಯ ತುದಿಯವರೆಗೆ ಹೋಗಿ ಬರುವುದು, ಇವುಗಳಿಂದಲೇ ಆ ಗುರಿಯ ಬಹುಭಾಗ ತುಂಬೀತು.

ಅಲ್ಪ ಬದಲಾವಣೆಯಿಂದ ಫಲವುಂಟೇ ಎಂದು ಸಂಶಯಪಡುವವರಿಗೂ ಉತ್ತರವಿದೆ. ಅಮೆರಿಕದಲ್ಲಿ ಸಿಹಿಮೂತ್ರ ರೋಗದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆಹಾರವನ್ನು ತಿದ್ದಿಕೊಂಡು, ವಾರಕ್ಕೆ 150 ನಿಮಿಷ ನಡೆದವರು ಇಳಿಸಿದುದು ಸರಾಸರಿ ಐದೂವರೆ ಕಿಲೋಗ್ರಾಮಿನಷ್ಟು ಮಾತ್ರ. ಆದರೆ ಅವರಲ್ಲಿ ಆ ರೋಗ ಕಾಣಿಸಿಕೊಳ್ಳುವುದು 100ಕ್ಕೆ 58ರಷ್ಟು ತಗ್ಗಿತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗದಲ್ಲಿ ಈ ಇಳಿಕೆ 100ಕ್ಕೆ ಸುಮಾರು 28ರಷ್ಟಿತ್ತು. ವಿಶೇಷವೆಂದರೆ ಚೆನ್ನೈಯವರ ತೂಕದಲ್ಲಿ ಗಣನೀಯ ವ್ಯತ್ಯಾಸವಾಗಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳ್ಳೆಯ ಅಭ್ಯಾಸವು ದೇಹದೊಳಗೆ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದುದರಿಂದ ಪ್ರತಿದಿನ ತಕ್ಕಡಿಯ ಮೇಲೆ ನಿಂತು ನಿಟ್ಟುಸಿರಿಡುವುದಕ್ಕಿಂತ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ, ನಿದ್ರೆ ಚೆನ್ನಾಗಿ ಬಂದಿತೇ ಎಂದು ಕೇಳಿಕೊಳ್ಳುವುದು ವಿವೇಕ.

ಹೀಗೆಂದು ಹೊಣೆಯನ್ನೆಲ್ಲ ವ್ಯಕ್ತಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ನಡೆಯಿರೆಂದು ಉಪದೇಶಿಸುವ ಸಮಾಜವು ನಡೆಯಲು ದಾರಿಯನ್ನೂ ಕೊಡಬೇಕು. ಕಾಲುದಾರಿಯ ಚಪ್ಪಡಿ ಮುರಿದು, ಅದರ ಮೇಲೆ ವಾಹನಗಳು ನಿಂತಿರುವ ಬೀದಿಯಲ್ಲಿ ವೃದ್ಧರು ಹೇಗೆ ನಡೆಯಬೇಕು? ಬೆಳಗಿನಿಂದ ರಾತ್ರಿಯವರೆಗೆ ಮನೆಯೊಳಗೂ ಹೊರಗೂ ದುಡಿಯುವ ಗೃಹಿಣಿಗೆ ತನ್ನದೆನ್ನುವ ಅರ್ಧ ತಾಸು ಎಲ್ಲಿಂದ ದೊರೆಯಬೇಕು? ಆಟದ ಬಯಲು, ನೆರಳಿನ ಕಾಲುದಾರಿ, ಶುಭ್ರವಾದ ಕೆರೆದಂಡೆ, ಇವು ನಗರದ ಅಲಂಕಾರಗಳಲ್ಲ. ಆಸ್ಪತ್ರೆಗಳಷ್ಟೇ ಅಗತ್ಯವಾದ ಆರೋಗ್ಯಸಾಧನಗಳು. ಮನೆಯ ಕೆಲಸವನ್ನು ಎಲ್ಲರೂ ಹಂಚಿಕೊಂಡರೆ ತಾಯಿಗೆ ಬಿಡುವೂ ಉಳಿದವರಿಗೆ ವ್ಯಾಯಾಮವೂ ಒಟ್ಟಿಗೆ ದೊರೆಯುತ್ತವೆ.

ವಿದ್ಯಾರ್ಥಿಗಳು ಈ ಮಾತುಗಳನ್ನು ಓದುವಾಗ ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಹದಿನಾಲ್ಕು ಹದಿನೈದರ ವಯಸ್ಸು ಎಲುಬೂ ಸ್ನಾಯುವೂ ಬೆಳೆಯುವ ಕಾಲ. ತೆಳ್ಳಗಾಗಬೇಕೆಂದು ಊಟ ಬಿಡುವುದು ಈ ವಯಸ್ಸಿನಲ್ಲಿ ಬೆಳೆಯುವ ಪೈರಿಗೆ ನೀರು ನಿಲ್ಲಿಸಿದಂತೆ. ಕಾಳು, ಸೊಪ್ಪು, ತರಕಾರಿ, ಹಾಲು, ರಾಗಿಗಳನ್ನು ಹೊತ್ತು ಹೊತ್ತಿಗೆ ಉಣ್ಣುವುದು, ಕರಿದ ತಿಂಡಿಯನ್ನೂ ಸಿಹಿ ಪಾನೀಯವನ್ನೂ ಅಪರೂಪಗೊಳಿಸುವುದು, ದಿನಕ್ಕೆ ಒಂದು ಗಂಟೆಯಾದರೂ ಓಡಿ ಆಡುವುದು, ಸಾಕಷ್ಟು ನಿದ್ರಿಸುವುದು, ಇಷ್ಟೇ ಅವರ ಕರ್ತವ್ಯ. ತೂಕದ ಬಗೆಗೆ ನಿಜವಾದ ಸಂದೇಹವಿದ್ದರೆ ವೈದ್ಯರ ಸಲಹೆ ಪಡೆಯಬೇಕು. ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದುಂಟು. ದಪ್ಪಗಿರುವ ಸಹಪಾಠಿಗೆ ಅಡ್ಡಹೆಸರಿಟ್ಟು ನಗುವುದರಿಂದ ಅವನ ತೂಕ ಇಳಿಯುವುದಿಲ್ಲ. ಆಟದ ಬಯಲಿಗೆ ಬರಲು ಅವನು ನಾಚುತ್ತಾನೆ. ಒಂಟಿಯಾಗಿ ಕುಳಿತು ತಿನ್ನತೊಡಗುತ್ತಾನೆ. ಹಾಸ್ಯವು ತೂಬನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. 'ಬಾ, ನಮ್ಮ ತಂಡದಲ್ಲಿ ಆಡು' ಎಂಬ ಒಂದು ಕರೆಯಲ್ಲಿ ನೂರು ಉಪದೇಶಗಳಲ್ಲಿಲ್ಲದ ಬಲವಿದೆ.

ಆ ಮನೆಯ ತಂದೆಗೂ ಬೇಕಾದುದು ಇಂಥದೊಂದು ಕರೆಯೇ. ಒಂಬತ್ತನೆಯ ತರಗತಿಯ ಮಗಳು ಸಂಜೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, 'ಅಪ್ಪಾ, ಕೆರೆಯ ಕಡೆಗೆ ಹೋಗಿ ಬರೋಣ' ಎಂದರೆ ಅವನು ಇಲ್ಲವೆನ್ನಲಾರನು. ಮೊದಲ ದಿನ ಹತ್ತು ನಿಮಿಷಗಳಾಗಲಿ. ಮರಳಿ ಬಂದ ಮೇಲೆ ಕಾಫಿಗೆ ಒಂದು ಚಮಚೆ ಸಕ್ಕರೆ ಕಡಿಮೆಯಾಗಲಿ. ವಾರ ಕಳೆದರೂ ತಕ್ಕಡಿ ಏನನ್ನೂ ಹೇಳದಿರಬಹುದು; ಚಿಂತೆಯಿಲ್ಲ. ಕೆರೆಯ ನೀರು ಇಳಿಯುವುದು ದಂಡೆಯಲ್ಲಿ ನಿಂತು ನೋಡುವವನ ಕಣ್ಣಿಗೆ ಅಂದೇ ಕಾಣುವುದಿಲ್ಲ. ತೂಬು ತೆರೆದಿದ್ದರೆ ನೀರು ಇಳಿಯುತ್ತಲೇ ಇರುತ್ತದೆ.